ಹುಮಾಯೂನನ ಸಮಾಧಿಯ ಮೇಲೆ ನಮ್ಮಮ್ಮನ ರಂಗೋಲಿ: ಈ ನಕ್ಷತ್ರ ಯಾರದು?

ಪ್ರಶ್ನೆ (ಪುತ್ತೂರಿನಿಂದ):
ಕಳೆದ ತಿಂಗಳು ದೆಹಲಿಯಲ್ಲಿ ಹುಮಾಯೂನನ ಸಮಾಧಿ ನೋಡಿದೆ. ಕೆಂಪು ಕಲ್ಲಿನ ಎತ್ತರದ ಕಮಾನು. ಅದರ ಎಡಕ್ಕೂ ಬಲಕ್ಕೂ ಆರು ಮೂಲೆಯ ಒಂದೊಂದು ನಕ್ಷತ್ರ. ಕಾಲು ಮುಂದೆ ಹೋಗಲಿಲ್ಲ. ಚಂಪಾಷಷ್ಠಿಯ ದಿನ ಅಮ್ಮ ದೇವರ ಕೋಣೆಯ ಮುಂದೆ ಬರೆಯುವುದು ಇದನ್ನೇ. ಒಂದು, ನಾಲ್ಕು, ಮೂರು, ನಾಲ್ಕು, ಒಂದು ಎಂದು ಸಾಲು ಸಾಲಾಗಿ, ಸಂದಿಗೆ ಸಂದಿಗೆ ಸೇರುವಂತೆ 13 ಚುಕ್ಕಿ ಇಡುತ್ತಾರೆ. ಮೇಲ್ಮುಖದ ತ್ರಿಕೋನ ಶಿವ, ಕೆಳಮುಖದ್ದು ಶಕ್ತಿ, ಎರಡೂ ಸೇರಿದಲ್ಲಿ ಸುಬ್ರಹ್ಮಣ್ಯ ಎನ್ನುತ್ತಾರೆ. ಜೊತೆಗಿದ್ದ ಗೆಳತಿ, "ಇದು ಯಹೂದಿಗಳ ಗುರುತಲ್ಲವೇ?" ಎಂದಳು. ಮೊಘಲರ ಗೋರಿಗೆ ಇದು ಬಂದದ್ದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ತಂಗಿ, ನಾನು ಮೂವತ್ತು ವರ್ಷ ಐಟಿಐಯಲ್ಲಿ ಡ್ರಾಯಿಂಗ್ ಕಲಿಸಿದವನು. ಕೈವಾರದಿಂದ ಒಂದು ವೃತ್ತ ಎಳೆಯಿರಿ. ಕೈವಾರವನ್ನು ಹಿಗ್ಗಿಸದೆ, ಕುಗ್ಗಿಸದೆ ಅದೇ ಅಳತೆಯಲ್ಲಿ ವೃತ್ತದ ಮೇಲೆ ಗುರುತು ಹಾಕುತ್ತಾ ಹೋಗಿ. ಆರನೆಯ ಹೆಜ್ಜೆಗೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಒಂದು ಬಿಟ್ಟು ಒಂದು ಗುರುತು ಕೂಡಿಸಿದರೆ ನಿಮ್ಮಮ್ಮನ ಷಟ್ಕೋಣ. ಹಗ್ಗ, ಗೂಟ ಇದ್ದ ಯಾವ ಶಿಲ್ಪಿಗಾದರೂ ಇದು ಸಿಕ್ಕೇ ಸಿಗುತ್ತದೆ. ಯಾರಿಂದಲೂ ಎರವಲು ತರಬೇಕಿಲ್ಲ. ನಮ್ಮ ಸೋಮನಾಥಪುರದ ದೇಗುಲದ ತಳದ ನಕ್ಷತ್ರ ಬೇರೆ ದಾರಿಯದು: ಅಲ್ಲಿ ಚೌಕವನ್ನು ತಿರುಗಿಸಿ ತಿರುಗಿಸಿ 16 ಮೂಲೆ ಪಡೆದಿದ್ದಾರೆ.

ಉತ್ತರ 2:
ಮೇಷ್ಟರು ಹೇಳಿದ್ದು ಸರಿ, ಆದರೆ ಆಕಾರ ಸಿಗುವುದು ಬೇರೆ, ಅದಕ್ಕೆ ಅರ್ಥ ಕೂಡುವುದು ಬೇರೆ. ಮುಸ್ಲಿಮರಿಗೆ ಇದು ಪ್ರವಾದಿ ಸುಲೈಮಾನರ ಮುದ್ರೆ, ಕೆಡುಕನ್ನು ತಡೆಯುವ ಗುರುತು. ಹಾಗಾಗಿ 1570ರ ಸುಮಾರಿಗೆ ಮುಗಿದ ಆ ಸಮಾಧಿಯ ಮೇಲೆ ಅದು ಪರಕೀಯವಲ್ಲ. ಯಹೂದಿಗಳಿಗೂ ಬಹುಕಾಲ ಇದು ಹಲವು ಅಲಂಕಾರಗಳಲ್ಲಿ ಒಂದಾಗಿತ್ತು. ಈಗಿನ ಇಸ್ರೇಲಿನ ಗಲಿಲಾಯ ಪ್ರದೇಶದ ಕಪೆರ್ನೌಮಿನ ಹಳೆಯ ಸಿನಗಾಗಿನ (ಯಹೂದಿ ಪ್ರಾರ್ಥನಾ ಮಂದಿರದ) ಕಲ್ಲಿನಲ್ಲಿ ಐದು ಮೂಲೆಯದೂ ಇದೆ, ಆರು ಮೂಲೆಯದೂ ಇದೆ. ಸಮುದಾಯದ ಗುರುತಾಗಿ ಅದು ಬೆಳೆದದ್ದು ಪ್ರಾಗ್ ನಗರದಲ್ಲಿ. ಇಸ್ರೇಲಿನ ಧ್ವಜಕ್ಕೆ ಬಂದದ್ದು 1948ರಲ್ಲಿ. ನಡುವೆ ನಾಜಿಗಳು ಅದನ್ನೇ ಹಳದಿ ಬಟ್ಟೆಯಲ್ಲಿ ಕತ್ತರಿಸಿ ಜನರ ಎದೆಗೆ ಹೊಲಿಸಿದರು. ನಿಮ್ಮ ಗೆಳತಿಗೆ ಮೊದಲು ಯಹೂದಿಗಳು ನೆನಪಾದದ್ದರಲ್ಲಿ ತಪ್ಪೇನೂ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚು. ಅದರ ಮುಂಭಾಗದ ನೆತ್ತಿಯಲ್ಲಿ ದೊಡ್ಡ ನೀಲಿ ಷಟ್ಕೋಣವಿದೆ. 1863ರಲ್ಲಿ ಮುಗಿದ ಆ ಮುಂಭಾಗದ ವಿನ್ಯಾಸ ನಿಕ್ಕೊಲೊ ಮಾತಾಸ್ ಎಂಬ ಯಹೂದಿ ವಾಸ್ತುಶಿಲ್ಪಿಯದು. ಅವನನ್ನು ಹೂಳಿರುವುದು ಚರ್ಚಿನ ಒಳಗಲ್ಲ, ಬಾಗಿಲಿನ ಹೊರಗೆ, ಮೆಟ್ಟಿಲ ಬಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಮೇಷ್ಟರು ಹೇಳಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಹಿಟ್ಟಿನ ಬಟ್ಟಲು ತಂದು, ನಡುವಿನ ಚುಕ್ಕಿಯ ಮೇಲೆ ದಾರದ ತುದಿ ಒತ್ತಿ ಹಿಡಿದು, ಆರು ಹೊರ ಚುಕ್ಕಿಗಳ ಮೇಲೂ ಸುತ್ತಿಸಿದರು. ಒಂದು ಮಾತ್ರ ಬೆರಳಿನಷ್ಟು ಆಚೆ ಇತ್ತು. ಅದನ್ನು ಸೆರಗಿನಿಂದ ಒರೆಸಿ ಮತ್ತೆ ಇಟ್ಟರು.