ಹಿಮೋಗ್ಲೋಬಿನ್ 10.7, ಫೆರಿಟಿನ್ 11: ಇದು ರಕ್ತಹೀನತೆಯೇ?

ಪ್ರಶ್ನೆ:
ನಾನು ಗರ್ಭಿಣಿ, ಈಗ 22 ವಾರ ತುಂಬಿದೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.7, ಎಂಸಿವಿ (ಕೆಂಪು ರಕ್ತಕಣಗಳ ಸರಾಸರಿ ಗಾತ್ರ) 84, ಫೆರಿಟಿನ್ 11 ಬಂದಿದೆ. ಲ್ಯಾಬ್ ವರದಿಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂಬ ಗುರುತಿದೆ. ವೈದ್ಯರು ಅದು ಈ ತಿಂಗಳಿಗೆ ಸಾಕು ಎಂದರೂ ಕಬ್ಬಿಣದ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದ್ದಾರೆ. ರಕ್ತಹೀನತೆ ಇಲ್ಲವೆಂದಾದರೆ ಮಾತ್ರೆ ಹೆಚ್ಚಿಸಿದ್ದು ಏಕೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸುವಿರಾ?

ಉತ್ತರ 1:
ನಿಮ್ಮ ವೈದ್ಯರು ಹೇಳಿದ್ದೂ ಸರಿ, ಮಾಡಿದ್ದೂ ಸರಿ. ವರದಿಯಲ್ಲಿ ಹಿಮೋಗ್ಲೋಬಿನ್‌ಗೆ ಮುದ್ರಿಸುವ 12ರ ಮಿತಿ ಸಾಮಾನ್ಯವಾಗಿ ಗರ್ಭಿಣಿಯರಲ್ಲದವರಿಗೆ ಅನ್ವಯಿಸುವಂಥದ್ದು. ಬಸಿರಿನಲ್ಲಿ ಕೆಂಪು ರಕ್ತಕಣಗಳು ಹೆಚ್ಚುವುದಕ್ಕಿಂತ ಪ್ಲಾಸ್ಮಾ (ರಕ್ತದ ದ್ರವಭಾಗ) ಹೆಚ್ಚಾಗಿ ಏರಿ ರಕ್ತ ತೆಳುವಾಗುವುದರಿಂದ, ವಿಶ್ವ ಆರೋಗ್ಯ ಸಂಸ್ಥೆಯು ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11ಕ್ಕಿಂತ, ನಡುವಿನ ಮೂರು ತಿಂಗಳಲ್ಲಿ 10.5ಕ್ಕಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎಂದು ಪರಿಗಣಿಸುತ್ತದೆ.

ಆದರೆ ಹಿಮೋಗ್ಲೋಬಿನ್ ಇಳಿಯುವುದು ದೇಹದ ಕಬ್ಬಿಣದ ಸಂಗ್ರಹ ಬರಿದಾದ ಮೇಲೆ. ಆ ಸಂಗ್ರಹ ಎಷ್ಟಿದೆ ಎಂಬುದನ್ನು ಹೇಳುವುದು ಫೆರಿಟಿನ್. ಅನೇಕ ವೈದ್ಯರು ಅದು 30ಕ್ಕಿಂತ ಕೆಳಗಿದ್ದರೇ ಚಿಕಿತ್ಸೆ ಆರಂಭಿಸುತ್ತಾರೆ, ನಿಮ್ಮದು 11. ಇಡೀ ಗರ್ಭಾವಸ್ಥೆಗೆ ಬೇಕಾಗುವ ಸುಮಾರು 1000 ಮಿಲಿಗ್ರಾಂ ಕಬ್ಬಿಣದಲ್ಲಿ ಹೆಚ್ಚಿನ ಪಾಲು ಇನ್ನು ಮುಂದಿನ ತಿಂಗಳುಗಳಿಗೇ ಬೇಕು. ಎಂಸಿವಿ 84 ಇದೆಯೆಂದು ನೆಮ್ಮದಿ ಪಡುವಂತಿಲ್ಲ, ಏಕೆಂದರೆ ಕಣಗಳು ಚಿಕ್ಕದಾಗುವುದು ಕೊರತೆಯ ತಡವಾದ ಲಕ್ಷಣ. ಜೊತೆಗೆ ಬಿ12 ಅಥವಾ ಫೋಲೇಟ್ ಕೊರತೆಯೂ ಇದ್ದರೆ ಕಣಗಳು ಚಿಕ್ಕದಾಗುವುದು ಮರೆಯಾಗಿಯೇ ಉಳಿಯಬಹುದು.

ಉತ್ತರ 2:
ನನ್ನ ಅನುಭವವನ್ನೂ ಸೇರಿಸುತ್ತೇನೆ. ನನಗೆ ಮೊದಲು ಸೀರಮ್ ಐರನ್ (ಆ ಹೊತ್ತಿಗೆ ರಕ್ತದಲ್ಲಿರುವ ಕಬ್ಬಿಣ) ಪರೀಕ್ಷೆಯೊಂದನ್ನೇ ಮಾಡಿದ್ದರು. ಆ ದಿನ ಬೆಳಿಗ್ಗೆ ಮಾತ್ರೆ ನುಂಗಿಯೇ ಹೋಗಿದ್ದೆ, ಫಲಿತಾಂಶ ಸಹಜವೆಂದು ಬಂತು. ಆ ಅಂಕಿ ಮಾತ್ರೆಯಿಂದಲೂ, ದಿನದ ಹೊತ್ತಿನಿಂದಲೂ ಏರಿಳಿಯುತ್ತದೆ ಎಂಬುದು ನನಗೆ ಗೊತ್ತಾಗುವಷ್ಟರಲ್ಲಿ ಆರು ವಾರ ಕಳೆದಿತ್ತು. ಆ ಆರು ವಾರಗಳ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ನಿಮಗೆ ಮೊದಲೇ ಫೆರಿಟಿನ್ ನೋಡಿದ್ದು ಒಳ್ಳೆಯದಾಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ರಕ್ತ ಕೊಟ್ಟ ದಿನ ನನಗೆ ಜ್ವರವಿತ್ತು. ಅದರಿಂದ ಫೆರಿಟಿನ್ ತಪ್ಪಾಗಿ ಕಡಿಮೆ ಬಂದಿರಬಹುದೇ?

ಉತ್ತರ 1:
ಇಲ್ಲ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಜ್ವರದ ನಡುವೆ 50 ಬಂದಿದ್ದರೆ ಅದನ್ನು ನಂಬದೆ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆಯೊಂದಿಗೆ ಹೋಲಿಸಿ ನೋಡಬೇಕಾಗುತ್ತಿತ್ತು. ಜ್ವರವಿದ್ದೂ 11 ಬಂದಿದೆಯೆಂದರೆ ನಿಜವಾದ ಸಂಗ್ರಹ ಅದಕ್ಕಿಂತಲೂ ಕಡಿಮೆ ಇರಬಹುದು. ಜ್ವರದ ವಿಷಯವನ್ನು ನಿಮ್ಮ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ಮಾತ್ರ ಬಿಡಬೇಡಿ.