‘ಹಿಪ್ಪೆ’ ಎಂದರೆ ಯಾವ ಹಿಪ್ಪೆ?

ಗೆಳೆಯರೇ,

ಮೀನು ಸಾಕುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಗಾಡಿ ನಿಂತುಬಿಟ್ಟಿದೆ.

ವಿಷಯ ಇಷ್ಟು. ಗಿಡಮೂಲಿಕೆಗಳಿಂದ ಎಣ್ಣೆ, ಕಷಾಯ, ಸತ್ವ ಎಲ್ಲ ತೆಗೆದ ಮೇಲೆ ಉಳಿಯುವುದನ್ನು ಒಣಗಿಸಿ, ಪುಡಿ ಮಾಡಿ ಮೀನಿನ ಆಹಾರಕ್ಕೆ ಬೆರೆಸುತ್ತಾರೆ. ಎಷ್ಟೇ ತೆಗೆದರೂ ಪಾಲಿಫಿನಾಲ್‌ನಂಥ ಸಸ್ಯ ರಾಸಾಯನಿಕಗಳು ಅದರಲ್ಲಿ ಒಂದಿಷ್ಟು ಉಳಿದಿರುತ್ತವೆ. ಅವು ಮೀನಿನ ರೋಗ ತಡೆಯುವ ಶಕ್ತಿಗೆ ಒತ್ತಾಸೆಯಾದರೆ ಆ್ಯಂಟಿಬಯಾಟಿಕ್ ಬಳಕೆ ತಗ್ಗಿಸಬಹುದು ಅನ್ನುವುದು ಲೆಕ್ಕಾಚಾರ.

ಹೀಗೆ ಉಳಿದದ್ದಕ್ಕೆ ಏನನ್ನಬೇಕು?

‘ಉಪೋತ್ಪನ್ನ’ ಇದೆ, ಗೊತ್ತು. ವರದಿಗಳಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಓದಿದವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಅದು ಪುಡಿಯೋ, ಸಿಪ್ಪೆಯೋ, ನೀರೋ? ‘ತ್ಯಾಜ್ಯ’ ಅಂದರೆ ಮುಗಿಯಿತು, ಯಾರೂ ಅದನ್ನು ಮೀನಿಗೆ ಹಾಕುವುದಿಲ್ಲ.

ಮೊದಲ ಕರಡಿನಲ್ಲಿ ‘ಹಿಪ್ಪೆ’ ಅಂತ ಬರೆದಿದ್ದೆ. ರಸವೆಲ್ಲ ಹೋಗಿ ಉಳಿದದ್ದು ಹಿಪ್ಪೆ. ‘ಹಿಂಡಿ ಹಿಪ್ಪೆ ಮಾಡಿಬಿಟ್ಟರು’ ಅನ್ನುತ್ತೇವಲ್ಲ, ಅದೇ. ಒಳ್ಳೆ ಪದ ಸಿಕ್ಕಿತು ಅಂತ ಬೀಗುತ್ತಾ ಮೀನು ಸಾಕುವ ಪರಿಚಯದವರೊಬ್ಬರಿಗೆ ತೋರಿಸಿದೆ. ‘ಹಿಪ್ಪೆಯನ್ನು ಪುಡಿ ಮಾಡಿ ಆಹಾರಕ್ಕೆ ಬೆರೆಸಿ’ ಅನ್ನುವ ಸಾಲಿಗೆ ಬಂದವರೇ ತಲೆ ಎತ್ತಿದರು. “ಇದು ಹಾಕಿದ್ರೆ ಮೀನು ಸಾಯುತ್ತೆ ಅಲ್ವಾ?”

ಅವರ ತಲೆಗೆ ಬಂದದ್ದು ಹಿಪ್ಪೆ ಮರ! ಅದರ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಸಪೋನಿನ್ ಅನ್ನುವ, ಸೋಪಿನಂತೆ ನೊರೆ ಬರಿಸುವ ಅಂಶ ಇರುತ್ತದೆ. ಅದು ಕಿವಿರುಗಳ ಮೂಲಕ ಒಳಗೆ ಹೋಗಿ ಮೀನಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮರಿ ಬಿಡುವ ಮೊದಲು ಕೊಳದಲ್ಲಿರುವ ಬೇಡದ ಮೀನುಗಳನ್ನು ಕೊಲ್ಲಲೆಂದೇ ಇದನ್ನು ಹಾಕುತ್ತಾರೆ. 1 ಮೀಟರ್ ಆಳದ ನೀರಿದ್ದರೆ ಹೆಕ್ಟೇರಿಗೆ 2000ದಿಂದ 2500 ಕಿಲೋ. ವಿಷ ಇಳಿಯಲು ಎರಡು ಮೂರು ವಾರ ಬೇಕು. ಆಮೇಲೆ ಅದೇ ಕೊಳಕ್ಕೆ ಗೊಬ್ಬರವಾಗುತ್ತದೆ. ಅಂದರೆ ಈ ಕಸುಬಿನವರ ಬಾಯಲ್ಲಿ ಹಿಪ್ಪೆ ಅಂದರೆ ಮೀನು ಕೊಲ್ಲುವ ಪದಾರ್ಥ. ನಾನು ಅದನ್ನು ಮೀನಿನ ಆರೋಗ್ಯದ ಪಾಠದಲ್ಲಿ ಇಟ್ಟಿದ್ದೆ. ಹೊಡೆದುಹಾಕಿದೆ.

ಆಮೇಲೆ ‘ಹಿಂಡಿ’ ನೋಡಿದೆ. ಎಲ್ಲರಿಗೂ ಗೊತ್ತಿರುವ ಪದ. ತೊಂದರೆಯೂ ಅದೇ. ಕಡಲೆಕಾಯಿ ಹಿಂಡಿ ಮತ್ತು ತೌಡು ಮೀನಿಗೆ ಹೊಟ್ಟೆ ತುಂಬಿಸುವ ಆಹಾರ. ‘ಮೂಲಿಕೆ ಹಿಂಡಿ’ ಅಂದರೆ ಅದರ ಬದಲಿಗೆ ಇದನ್ನೇ ಸುರಿಯಬಹುದು ಅಂದುಕೊಂಡಾರು. ಇದು ಬೆರೆಸುವುದು ಸ್ವಲ್ಪವೇ. ಜಾಸ್ತಿಯಾದರೆ ನಾರು, ಟ್ಯಾನಿನ್ (ಒಗರು ಕೊಡುವ ಅಂಶ) ಸೇರಿ ಜೀರ್ಣ ಕೆಡುತ್ತದೆ, ಕಹಿಗೆ ಮೀನು ಬಾಯಿ ಹಾಕದೆಯೂ ಇರಬಹುದು. ಅಲ್ಲದೆ ‘ಹಿಂಡು’ ಅನ್ನುವುದರಿಂದ ಬಂದದ್ದು ಹಿಂಡಿ. ಆವಿ ಹಾಯಿಸಿ ಎಣ್ಣೆ ಇಳಿಸಿದ ಎಲೆಯನ್ನು ಯಾರೂ ಹಿಂಡಿರುವುದಿಲ್ಲವಲ್ಲ.

‘ಗಸಿ’ ಆಗದು. ಅದು ತಳದಲ್ಲಿ ಕೂರುವಂಥದ್ದು.

ಈಗ ನನ್ನ ಮನಸ್ಸು ‘ಚರಟ’ದ ಕಡೆ ವಾಲಿದೆ. (ತೆಂಗಿನ ಕರಟ ಅಲ್ಲ. ಅಚ್ಚಿನವರು ಒಮ್ಮೆ ಹಾಗೇ ತಿದ್ದಿಬಿಟ್ಟಿದ್ದರು.) ಕಾಫಿ ಸೋಸಿದ ಮೇಲೆ ಮೇಲುಗಡೆ ಉಳಿಯುವುದು ಚರಟ. ಕಷಾಯ ಸೋಸಿದ ಮೇಲೂ ಅದೇ. ಸತ್ವ ಇಳಿದಿದೆ, ಆದರೂ ಮೂಸಿದರೆ ವಾಸನೆ ಇದೆ. ಇಲ್ಲಿ ಬೇಕಾದ ಅರ್ಥವೂ ಅದೇ ತಾನೇ? ‘ಮೂಲಿಕೆ ಚರಟದ ಪುಡಿ’ ಅಂದರೆ ಯಾವ ಹಂತದಲ್ಲಿ ಉಳಿದದ್ದು ಅಂತಲೂ ಗೊತ್ತಾಗುತ್ತದೆ. ಸತ್ವ ತೆಗೆಯುವ ಮುಂಚೆಯೇ ಬೇರೆ ಮಾಡಿದ ಬೆಳ್ಳುಳ್ಳಿ ಸಿಪ್ಪೆ, ತೊಟ್ಟು, ಕಡ್ಡಿಗಳನ್ನು ಇದರಲ್ಲಿ ಸೇರಿಸದೆ ಆಯಾ ಹೆಸರಿನಿಂದಲೇ ಕರೆಯುತ್ತೇನೆ. ಎಲ್ಲಕ್ಕೂ ಒಂದೇ ಪದ ಹುಡುಕಲು ಹೋಗಿಯೇ ನಾನು ಸುಮ್ನೆ ಒದ್ದಾಡಿದ್ದು ಅನ್ನಿಸುತ್ತದೆ.

ಕೇಳಬೇಕಾದ್ದು ಎರಡೇ. ನೀವು ಚರಟ ಅನ್ನುವುದು ಒದ್ದೆಯಾಗಿರುವಾಗ ಮಾತ್ರವೋ, ಒಣಗಿದ ಮೇಲೂ ಅದೇ ಹೆಸರೋ? ಮತ್ತೆ, ಆವಿ ಹಾಯಿಸಿದ ಎಲೆಗೆ ಎಣ್ಣೆ ಇಳಿಸುವವರಲ್ಲಿ ಬೇರೆಯೇ ಪದ ಇದೆಯೇ? ಇದ್ದರೆ ನಾನು ಅದನ್ನೇ ಹಾಕುತ್ತೇನೆ.