ಅಗೇಟಿಗೆ ‘ಗೋಮೇಧಿಕ’ ಎನ್ನಬಹುದೇ? ಕಲ್ಲು ಕೊಯ್ದು ತೇಯುವ ಕೆಲಸದ ಕೆಲವು ಮಾತುಗಳು

ಮಾನ್ಯರೇ,

ಕಲ್ಲು ಸಂಗ್ರಹಿಸಿ, ಕೊಯ್ದು, ಹೊಳಪು ಕೊಡುವ ಹವ್ಯಾಸವುಳ್ಳ ಕಾರವಾರದ ನಾವು ಕೆಲವರು ನಮ್ಮ ಸಂಗ್ರಹವನ್ನು ಇಲ್ಲಿಯ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಇಡಬೇಕೆಂದಿದ್ದೇವೆ. ಪ್ರತಿಯೊಂದು ಕಲ್ಲಿನ ಮುಂದೆ ಕನ್ನಡದಲ್ಲಿ ಬರೆದ ಚೀಟಿ ಇರಬೇಕೆಂಬುದು ಶಾಲೆಯವರ ಅಪೇಕ್ಷೆ, ನಮ್ಮದೂ ಅದೇ. ಚೀಟಿಗಳನ್ನು ಸಿದ್ಧಪಡಿಸುವಾಗ ಎರಡು ತೊಡಕುಗಳು ಎದುರಾಗಿವೆ. ಅಗೇಟ್ ಮತ್ತು ಜಾಸ್ಪರ್ ಎಂಬ ಕಲ್ಲುಗಳಿಗೆ ಕನ್ನಡದಲ್ಲಿ ಯಾವ ಹೆಸರು ಬರೆಯಬೇಕು ಎಂಬುದು ಒಂದು. ಅವುಗಳ ಮೇಲೆ ನಾವು ಮಾಡುವ ಕೆಲಸಕ್ಕೆ ಯಾವ ಕ್ರಿಯಾಪದ ಹೊಂದುತ್ತದೆ ಎಂಬುದು ಇನ್ನೊಂದು. ಹೆಸರಿನ ವಿಷಯದಲ್ಲಿ ನಾನು ಒಂದು ನಿಲುವಿಗೆ ಬಂದಿದ್ದೇನೆ. ಕ್ರಿಯಾಪದದ ವಿಷಯದಲ್ಲಿ ತಿಳಿದವರ ಮಾತು ಬೇಕಾಗಿದೆ.

ಪದಕ್ಕಿಂತ ಮೊದಲು ಪದಾರ್ಥವನ್ನು ಹೇಳಿಬಿಡುವುದು ಒಳ್ಳೆಯದು. ಎರಡೂ ಸಿಲಿಕಾದ ಕಲ್ಲುಗಳು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸ್ಫಟಿಕಗಳು ಒತ್ತಾಗಿ ಹೆಣೆದುಕೊಂಡು ಆಗಿರುವಂಥವು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅವುಗಳದು 6.5ರಿಂದ 7ರಷ್ಟಿದ್ದು, ಚಾಕುವಿನ ಮೊನೆಯಿಂದ ಗೀರಿದರೆ ಕಲ್ಲಿಗೆ ಏನೂ ಆಗದೆ ಉಕ್ಕಿನದೇ ಕಪ್ಪು ಗೆರೆಯೊಂದು ಉಳಿಯುತ್ತದೆ. ಅಗೇಟಿನಲ್ಲಿ ಸಾಮಾನ್ಯವಾಗಿ ಪಟ್ಟೆಗಳಿರುತ್ತವೆ ಮತ್ತು ಅದರ ತೆಳುವಾದ ಹೋಳನ್ನು ಕಿಟಕಿಗೆ ಹಿಡಿದರೆ ಬೆಳಕು ಮಸುಕಾಗಿ ದಾಟಿ ಬರುತ್ತದೆ. ಜಾಸ್ಪರಿನೊಳಗೆ ಕಬ್ಬಿಣದ ಆಕ್ಸೈಡು ಮುಂತಾದ ಬೆರಕೆಗಳು ಧಾರಾಳವಾಗಿ ಸೇರಿರುವುದರಿಂದ ಅದು ಅಪಾರದರ್ಶಕ. ಎಷ್ಟು ತೆಳ್ಳಗೆ ಕೊಯ್ದರೂ ನಮ್ಮ ಕೈಕೆಲಸದ ಮಟ್ಟದಲ್ಲಿ ಅದು ಬೆಳಕು ಬಿಡುವುದಿಲ್ಲ. ಅದರ ಕೆಂಪು ಬಣ್ಣ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನಿಂದ ಬಂದದ್ದು, ಆದರೆ ಹಳದಿ ಮತ್ತು ಹಸಿರು ಜಾಸ್ಪರ್‌ಗಳೂ ಉಂಟು.

ನಮ್ಮ ಸಂಗ್ರಹದ ಅಗೇಟುಗಳು ಈ ಜಿಲ್ಲೆಯವಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಅದಕ್ಕೂ ಪದಕ್ಕೂ ಸಂಬಂಧವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಡಿದ ದಖ್ಖನ್ ಲಾವಾದ ಹಾಸಿನಲ್ಲಿ ಅನಿಲದ ಗುಳ್ಳೆಗಳಿಂದ ಉಂಟಾದ ಟೊಳ್ಳುಗಳೊಳಗೆ ಸಿಲಿಕಾ ಪದರ ಪದರವಾಗಿ ಕೂತು ಈ ಕಲ್ಲುಗಳಾದವು. ಆ ಹಾಸು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಕಡೆಗಿದೆ. ಲಾವಾದ ಬಂಡೆ ಸವೆದಂತೆ ಗಟ್ಟಿಯಾದ ಅಗೇಟು ಕಳಚಿಕೊಂಡು ಕೃಷ್ಣಾ ಮತ್ತು ಭೀಮಾ ನದಿಗಳ ಹರಳುಗಲ್ಲುಗಳ ನಡುವೆ ಸೇರುತ್ತದೆ. ನಮ್ಮ ಅಘನಾಶಿನಿಯಾಗಲಿ ಶರಾವತಿಯಾಗಲಿ ಆ ನೆಲದ ನದಿಗಳಲ್ಲ. ಚಿರೆಕಲ್ಲು, ಬಿಳಿ ಬೆಣಚುಕಲ್ಲು, ಗ್ರಾನೈಟುಗಳ ನಡುವೆ ಬಾಳಿದ ಕರಾವಳಿಯ ಜನರ ಮಾತಿನಲ್ಲಿ ಅಗೇಟಿಗೆ ಹೆಸರು ಸಿಗದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ‘ಗೋಮೇಧಿಕ’. ಅಗೇಟಿಗೆ ಗೋಮೇಧಿಕ ಅಥವಾ ಗೋಮೇದಕ ಎಂದು ಬರೆಯುವ ರೂಢಿ ಕನ್ನಡದಲ್ಲೂ ಮರಾಠಿಯಲ್ಲೂ ಕಾಣುತ್ತದೆ. ಆದರೆ ಕಾರವಾರದ ಯಾವುದೇ ಶೇಟರ ಅಂಗಡಿಗೆ ಹೋಗಿ ಗೋಮೇಧಿಕ ತೋರಿಸಿ ಎಂದರೆ ಅವರು ಕಾಗದದ ಪೊಟ್ಟಣ ಬಿಚ್ಚಿ, ರಾಹುವಿಗೆ ಹೇಳಿದ ಜೇನುಬಣ್ಣದ ಹರಳನ್ನು ಎದುರಿಗಿಡುತ್ತಾರೆ. ಅದು ಹೆಸೊನೈಟ್ ಎಂಬ ಗಾರ್ನೆಟ್. ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂಗಳ ಸಿಲಿಕೇಟು. ಅದರ ಸಾಪೇಕ್ಷ ಸಾಂದ್ರತೆ ಸುಮಾರು 3.6, ಅಗೇಟಿನದು ಸುಮಾರು 2.6, ಒಂದೇ ಗಾತ್ರದ ಎರಡನ್ನು ತಕ್ಕಡಿಗೆ ಹಾಕಿದರೆ ಸಂದೇಹವೇ ಉಳಿಯುವುದಿಲ್ಲ. ಗೋವಿನ ಮೇದಸ್ಸು, ಅಂದರೆ ಹಸುವಿನ ಕೊಬ್ಬು, ಎಂಬ ವ್ಯುತ್ಪತ್ತಿಯೂ ಆ ಹಳದಿ ಛಾಯೆಯ ಹರಳಿಗೇ ಒಪ್ಪುತ್ತದೆ. ನವರತ್ನಗಳಲ್ಲಿ ಒಂದಾಗಿ ಇಡೀ ನಾಡಿಗೆ ಪರಿಚಿತವಾದ ಹೆಸರನ್ನು ಬೇರೆ ಖನಿಜಕ್ಕೆ ಅಂಟಿಸಿದರೆ, ಚೀಟಿ ಓದಿದ ಮಗು ಮನೆಗೆ ಹೋಗಿ ಅಜ್ಜಿಯ ಉಂಗುರವನ್ನು ಅಗೇಟು ಎನ್ನುತ್ತದೆ. ಆದ್ದರಿಂದ ಈ ಪದವನ್ನು ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಜಾಸ್ಪರಿಗೆ ‘ಸೂರ್ಯಕಾಂತ’ ಎಂದು ಕೆಲವು ಅನುವಾದಗಳಲ್ಲಿ ಬಳಸಿರುವುದು ಇದಕ್ಕಿಂತಲೂ ವಿಚಿತ್ರ. ಸಂಸ್ಕೃತ ಕಾವ್ಯಗಳ ಸೂರ್ಯಕಾಂತವು ಬಿಸಿಲು ತಾಗಿದಾಗ ಬೆಂಕಿ ಉಗುಳುವ ಶಿಲೆ. ಬೆಳಕನ್ನೇ ಒಳಗೆ ಬಿಡದ ಜಾಸ್ಪರ್ ಆ ಕೆಲಸ ಹೇಗೆ ಮಾಡೀತು? ಜಾಸ್ಪರ್ ಎಂಬ ಪದದ ಗ್ರೀಕ್ ಮೂಲವಾದ ‘ಇಯಾಸ್ಪಿಸ್’ ಕೂಡ ಹಿಂದೆ ಬೆಳಕು ದಾಟುವ ಹಸಿರು ಕಲ್ಲುಗಳಿಗೆ ಸಲ್ಲುತ್ತಿತ್ತು, ಅನುವಾದಕರ ಗೊಂದಲಕ್ಕೆ ಅದೇ ಕಾರಣವಿರಬಹುದು.

ಬಳಕೆಯಲ್ಲಿ ಜೀವಂತವಾಗಿರುವುದು ‘ಅಕೀಕ್’. ಇದು ಅರಬ್ಬಿಯ ಪದ. ಬೆಳ್ಳಿಯ ಉಂಗುರಕ್ಕೆ ಅಕೀಕಿನ ಹರಳು ಕೂರಿಸಿಕೊಳ್ಳುವ ಪದ್ಧತಿ ಮುಸ್ಲಿಮರಲ್ಲಿ ಇರುವುದರಿಂದ ಭಟ್ಕಳದಲ್ಲಿ ಈ ಹೆಸರನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಗೋಕರ್ಣದ ರಥಬೀದಿಯಲ್ಲಿ ರುದ್ರಾಕ್ಷಿಯ ಪಕ್ಕದಲ್ಲಿ ಬಣ್ಣದ ಮಣಿಮಾಲೆಗಳನ್ನು ತೂಗುಹಾಕಿ ಮಾರುವವರು ‘ಹಕೀಕ್’ ಎನ್ನುತ್ತಾರೆ. ಕಪ್ಪಿನ ನಡುವೆ ಬಿಳಿ ಪಟ್ಟೆ ಇದ್ದರೆ ಅದು ‘ಸುಲೇಮಾನಿ’. ಗುಜರಾತಿನ ಖಂಭಾತ್ ಈ ಮಣಿಗಳ ಹಳೆಯ ಕೇಂದ್ರ, ಅಲ್ಲಿಯ ವ್ಯಾಪಾರದ ಭಾಷೆಯೇ ಮಣಿಯೊಂದಿಗೆ ಊರೂರಿಗೆ ಹೋಗಿದೆ. (ಕಡುನೀಲಿ, ಗುಲಾಬಿ ಬಣ್ಣದ ಹಕೀಕ್ ಕಂಡರೆ ಅದಕ್ಕೆ ಬಣ್ಣ ಕುಡಿಸಿದ್ದಾರೆಂದೇ ತಿಳಿಯಬೇಕು. ಅಗೇಟಿನ ಪದರಗಳಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ಬಣ್ಣವನ್ನು ಹೀರಿಕೊಳ್ಳುತ್ತದೆ.) ಅರಬ್ಬಿಯ ಅಕೀಕ್ ಮುಖ್ಯವಾಗಿ ಪಟ್ಟೆಯಿಲ್ಲದ ಕೆಂಪು ಕಾರ್ನೀಲಿಯನ್ನಿಗೆ ಸಲ್ಲುವುದರಿಂದ ಖನಿಜದ ಹೆಸರಾಗಿ ಅದು ಸ್ವಲ್ಪ ಅಗಲವಾಯಿತು ಎಂಬ ಆಕ್ಷೇಪ ಉಳಿಯುತ್ತದೆ.

ದೇಶಿಯಾಗಿ ಏನೂ ಇಲ್ಲವೇ ಎಂದು ಕೇಳುವವರಿಗೆ ‘ಬೆಣಚು’ ಇದೆ. ಕತ್ತಲಲ್ಲಿ ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಉಜ್ಜಿ, ಒಳಗೆ ಮಿನುಗುವ ಬೆಳಕನ್ನು ನೋಡಿ, ಆಮೇಲೆ ಮೂಗಿಗೆ ಹಿಡಿದು ಸುಟ್ಟ ವಾಸನೆ ನೋಡದ ಮಕ್ಕಳು ಶಿರಸಿ, ಸಿದ್ದಾಪುರದ ಕಡೆ ಕಡಿಮೆ. 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾರವಾರದಲ್ಲಿ ಮರಾಠಿಯ ‘ಗಾರಗೋಟಿ’ಯೂ ಕೆಲವರ ಬಾಯಲ್ಲಿದೆ. ‘ಚಕಮಕಿ’ ಎಂಬುದು ಕಲ್ಲಿನ ಉಪಯೋಗವನ್ನು ಹೇಳುತ್ತದೆ, ಜಾತಿಯನ್ನಲ್ಲ. ನಮ್ಮ ಬಳಗದ ಸ್ನೇಹಿತರೊಬ್ಬರು ಅಗೇಟಿಗೆ ‘ಪಟ್ಟೆಬೆಣಚು’, ಜಾಸ್ಪರಿಗೆ ‘ಕೆಂಬೆಣಚು’ ಎಂದು ಟಂಕಿಸಿದ್ದಾರೆ. ಕಿವಿಗೆ ಹಿತವಾಗಿದ್ದರೂ ಹಸಿರು ಜಾಸ್ಪರನ್ನು ಕೆಂಬೆಣಚು ಎನ್ನಲಾಗದು. ಪಟ್ಟೆಯೇ ಇಲ್ಲದೆ ಒಳಗೆ ಪಾಚಿಯಂಥ ಹಸಿರು ಎಳೆಗಳಿರುವ ಮಾಸ್ ಅಗೇಟನ್ನು ಪಟ್ಟೆಬೆಣಚು ಎನ್ನುವುದೂ ಕಷ್ಟ. ಹೀಗಾಗಿ ಚೀಟಿಯಲ್ಲಿ ‘ಅಗೇಟು’, ‘ಜಾಸ್ಪರ್’ ಎಂದೇ ಬರೆದು, ಅಗೇಟಿನ ಕೆಳಗೆ ‘ಅಕೀಕ್ ಎಂದೂ ಹೇಳುವುದುಂಟು’ ಎಂದು ಸೇರಿಸಲು ನಿರ್ಧರಿಸಿದ್ದೇನೆ. ಅಗೇಟಿನ, ಅಗೇಟಿಗೆ, ಜಾಸ್ಪರಿನಲ್ಲಿ ಎಂದು ವಿಭಕ್ತಿಗಳು ಸಲೀಸಾಗಿ ಹತ್ತುತ್ತವೆ.

ಕ್ರಿಯಾಪದದ ಪ್ರಶ್ನೆ ಇಷ್ಟು ಸುಲಭವಲ್ಲ. ಇಂಗ್ಲಿಷಿನ ಪ್ರಭಾವದಿಂದ ಎಲ್ಲದಕ್ಕೂ ‘ಕತ್ತರಿಸು’ ಎಂದು ಬರೆಯುತ್ತೇವೆ. ಬಟ್ಟೆಗೂ ಕಾಗದಕ್ಕೂ ಸಲ್ಲುವ ಮಾತು ಅದು. ನಮ್ಮ ಕಡೆ ಕೊಡಲಿಯಿಂದಾದರೆ ಕಡಿಯುತ್ತಾರೆ, ಗರಗಸದಿಂದಾದರೆ ಕೊಯ್ಯುತ್ತಾರೆ. ಯಂತ್ರ ಬಂದಮೇಲೆ ಚಿರೆಕಲ್ಲನ್ನೂ ಕೊಯ್ಯುತ್ತಾರೆ. ಶಿಲ್ಪಿ ಕೆತ್ತುತ್ತಾನೆ, ಆದರೆ ಅಗೇಟು ಉಳಿಗೆ ಬಗ್ಗುವ ಕಲ್ಲಲ್ಲ, ಏಟು ಬಿದ್ದರೆ ಚಿಪ್ಪಿನ ಆಕಾರದಲ್ಲಿ ಸಿಡಿಯುತ್ತದೆ. ಈ ಗುಣವನ್ನೇ ಬಳಸಿಕೊಂಡು ಖಂಭಾತಿನ ಕುಶಲಕರ್ಮಿಗಳು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಆನಿಸಿ, ಕೊಂಬಿನ ತಲೆಯ ಸುತ್ತಿಗೆಯಿಂದ ಬಡಿದು ಮಣಿಯ ಒರಟು ರೂಪವನ್ನು ತೆಗೆಯುತ್ತಾರೆ. ಅದಕ್ಕೆ ‘ಚಕ್ಕೆ ಎಬ್ಬಿಸುವುದು’ ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ.

ನಾವು ಬಳಸುವುದು ವಜ್ರದ ಪುಡಿ ಕೂರಿಸಿದ ಅಂಚುಳ್ಳ ಲೋಹದ ಬಿಲ್ಲೆ. ಅದಕ್ಕೆ ಹಲ್ಲುಗಳಿಲ್ಲ. ತಿರುಗುವ ಬಿಲ್ಲೆಯ ಕೆಳಭಾಗ ನೀರಿನಲ್ಲಿ ಮುಳುಗಿರುತ್ತದೆ, ಕಲ್ಲು ತಾಗಿದಲ್ಲಿಂದ ಬೂದುಬಣ್ಣದ ತೆಳುಕೆಸರು ಇಳಿಯುತ್ತಾ ಹೋಗುತ್ತದೆ, ಬಹಳ ಹೊತ್ತಿನ ಮೇಲೆ ಕಲ್ಲು ಎರಡಾಗುತ್ತದೆ. ನೋಟಕ್ಕೆ ಇದು ಕೊಯ್ಯುವುದೇ, ಕ್ರಿಯೆಯಲ್ಲಿ ಮಾತ್ರ ತೇಯುವುದು. ಅನಂತರ ಹೋಳನ್ನು ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿ (ಆಭರಣದ ಕೆಲಸದಲ್ಲಿ ಅರಗು ಹೊಸ ಮಾತಲ್ಲ) ಸಿಲಿಕಾನ್ ಕಾರ್ಬೈಡಿನ ಚಕ್ರಗಳಲ್ಲಿ 80, 220, 600 ಎಂಬ ಕ್ರಮದಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಚಕ್ರದ ಕಣ ನುಣುಪು) ನಯಗೊಳಿಸಿ, ಕೊನೆಗೆ ಸೀರಿಯಂ ಆಕ್ಸೈಡ್ ಎಂಬ ನುಣ್ಣನೆಯ ಪುಡಿಯಿಂದ ಹೊಳಪು ಕೊಡುತ್ತೇವೆ. ಈ ಹಂತಕ್ಕೆ ‘ಸಾಣೆ ಹಿಡಿಯುವುದು’ ಎಂಬ ನುಡಿ ಸಿದ್ಧವಾಗಿದೆ ಎಂದುಕೊಂಡಿದ್ದೆವು. ಆದರೆ ಶಿರಸಿ ಕಡೆಯ ಹವ್ಯಕರ ಮನೆಗಳಲ್ಲಿ ಸಾಣೆಕಲ್ಲು ಎಂದರೆ ದೇವರ ಗಂಧ ತೇಯುವ ಕಲ್ಲು. ಅಲ್ಲಿ ತೇಯ್ದು ಇಳಿದದ್ದು ಬೇಕು. ನಮ್ಮಲ್ಲಿ ಅದನ್ನು ಚೆಲ್ಲುತ್ತೇವೆ, ಉಳಿದದ್ದು ಬೇಕು. ‘ಮಸೆ’ ಎಂದರೆ ಕತ್ತಿಯ ಅಲಗಿನ ನೆನಪಾಗುತ್ತದೆ, ‘ಅರೆ’ ಎಂದರೆ ವಸ್ತು ಪೂರ್ತಿ ನುಣ್ಣಗಾಗಿ ಹೋಗುತ್ತದೆ.

ಇಷ್ಟಾದರೂ ನನಗೆ ‘ತೇಯು’ವೇ ಹೆಚ್ಚು ಹಿಡಿಸುತ್ತದೆ, ಅದರೊಳಗೆ ನೀರಿದೆ ಎಂಬ ಕಾರಣಕ್ಕೆ. ಒಣಗಿಸಿ ತೇಯುವುದು ಎಂಬ ಕಲ್ಪನೆಯೇ ನಮ್ಮ ಮಾತಿನಲ್ಲಿಲ್ಲ. ಈ ಕಲ್ಲುಗಳನ್ನು ಒಣಗಿದ್ದಾಗ ಉಜ್ಜಿದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಖಂಭಾತಿನ ಅಕೀಕ್ ಕೆಲಸಗಾರರಲ್ಲಿ ಈ ಕಾಯಿಲೆ ವ್ಯಾಪಕವಾಗಿರುವುದು ದಾಖಲಾದ ಸಂಗತಿ. ಕೆಲಸ ಕಲಿಯಲು ಬರುವ ಹುಡುಗರಿಗೆ ‘ಉಜ್ಜು’ ಎನ್ನುವ ಬದಲು ‘ತೇಯು’ ಎಂದು ಹೇಳಿಕೊಟ್ಟರೆ ನೀರು ಹಾಕಿಕೊಳ್ಳಲು ಮತ್ತೆ ಹೇಳಬೇಕಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಆದ್ದರಿಂದ ಬಲ್ಲವರಲ್ಲಿ ಮೂರು ವಿಷಯ ಕೇಳುತ್ತಿದ್ದೇನೆ. ಗಟ್ಟಿ ಕಲ್ಲನ್ನು ನೀರು ಹಾಕಿ ಸವೆಸಿ ರೂಪಕ್ಕೆ ತರುವುದಕ್ಕೆ ‘ತೇಯು’ ಎಂದು ಬಳಸಿರುವುದನ್ನು ಹಳಗನ್ನಡದಲ್ಲಾಗಲಿ ಯಾವುದಾದರೂ ಊರಿನ ಆಡುಮಾತಿನಲ್ಲಾಗಲಿ ಯಾರಾದರೂ ಕಂಡಿದ್ದಾರೆಯೇ? ಗುಮ್ಮಟದಂತೆ ಮೇಲುಬ್ಬಿ, ತಳ ಚಪ್ಪಟೆಯಾಗಿರುವ, ಮುಖಗಳಿಲ್ಲದ ಹರಳಿಗೆ ಅಕ್ಕಸಾಲಿಗರು ಕನ್ನಡದಲ್ಲಾಗಲಿ ಕೊಂಕಣಿಯಲ್ಲಾಗಲಿ ಏನೆನ್ನುತ್ತಾರೆ? ಕೃಷ್ಣಾ, ಭೀಮಾ ತೀರದ ಹಳ್ಳಿಗಳಲ್ಲಿ ಉಳುಮೆಯ ಹೊತ್ತಿಗೆ ನೇಗಿಲಿಗೆ ಸಿಗುವ ಈ ಪಟ್ಟೆಯ ಕಲ್ಲುಗಳಿಗೆ ರೈತರು ಇಟ್ಟ ಹೆಸರು ಇದೆಯೇ? ಮೂರನೆಯದಕ್ಕೆ ಉತ್ತರ ಸಿಕ್ಕರೆ ‘ಅಗೇಟು’ ಎಂಬ ಚೀಟಿಯನ್ನು ಸಂತೋಷದಿಂದ ಹರಿದುಹಾಕಿ ಬೇರೆ ಬರೆಯುತ್ತೇನೆ.